ಬೋರಘಾಟದ ಎಂಜಿನುಗಳು

ಮುಂಬಯಿಯಿಂದ ಪುಣೆಯ ಮಾರ್ಗವಾಗಿ ಹುಬ್ಬಳ್ಳಿಗೆ ಹೋಗುವ ನಮ್ಮವರಿಗೆ ಬೋರಘಾಟ ಅಪರಿಚಿತವಲ್ಲ. ಇಲ್ಲಿಯ ಎಂಜಿನುಗಳ ವಿಷಯದಲ್ಲಿ ರೈಲುಪ್ರೇಮಿಗಳದು ಎರಡು ಪಕ್ಷ: ಹಳೆಯದೇ ಸೊಗಸೆಂಬವರು, ಹೊಸದೇ ಬಲಶಾಲಿಯೆಂಬವರು.

1930ರಲ್ಲಿ ಆರಂಭವಾದ ಡೆಕ್ಕನ್ ಕ್ವೀನ್ ಗಾಡಿಯನ್ನು ಬಹುಕಾಲ ಎಳೆದ ಇ.ಎ.-1 ವಿದ್ಯುತ್ ಎಂಜಿನಿನ ಬಲ ಸುಮಾರು 2,160 ಅಶ್ವಶಕ್ತಿ, ಇಂದಿನ ಡಬ್ಲ್ಯು.ಎ.ಪಿ.-7ರದು 6,000ಕ್ಕೂ ಮಿಗಿಲು. ಆದರೆ ಅಂದು ಗಾಡಿಗಿದ್ದುದು 7 ಡಬ್ಬಿ. ಇಂದು ಅದರ ಇಮ್ಮಡಿಗೂ ಹೆಚ್ಚು. 37 ಅಡಿಗೆ ಒಂದಡಿ ಏರುವ ಘಟ್ಟದಲ್ಲಿ ಈ ಬಲಭೀಮನಿಗೂ ಕರ್ಜತಿನಿಂದ ಹಿಂದೆ ನಿಂತು ತಳ್ಳುವ ಎಂಜಿನುಗಳು ಬೇಕು! ಬರಿಯ ಅಂಕಿಯಿಂದ ಹಿರಿಮೆಯನ್ನು ಅಳೆಯುವುದು ನ್ಯಾಯವೆಂದು ನನಗೆ ತೋರದು.

‘ಸರ್ ಲೆಸ್ಲಿ ವಿಲ್ಸನ್’ ಎಂಬ ಹಳೆಯ ಎಂಜಿನು ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಮತ್ತೆ ಘಟ್ಟ ಹತ್ತಿಸೋಣವೆಂದರೆ, ಅದು ಬಲ್ಲುದು 1,500 ವೋಲ್ಟಿನ ಏಕಮುಖ ವಿದ್ಯುತ್ತು. ಈಗ ತಂತಿಯಲ್ಲಿ ಹರಿಯುವುದು 25,000 ವೋಲ್ಟಿನ ಪರ್ಯಾಯ ವಿದ್ಯುತ್ತು.