ದಾಬೋಲಿಂ ಪಾರೆಯ 'ಹಂಸ'

ಗೋವೆಗೆ ಹೋಗಿ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ದಾಬೋಲಿಂ ಎಂದರೆ ಒಂದು ವಿಮಾನ ನಿಲ್ದಾಣ, ಅಷ್ಟೆ. ಆದರೆ ನಾವು ಟಿಕೇಟು ಹಿಡಿದು ಹೋಗುವ ಆ ಕಟ್ಟಡ ದೊಡ್ಡದೊಂದು ಅಂಗಳದ ಮೂಲೆ ಮಾತ್ರ. ರನ್‌ವೇ ನೌಕಾದಳದ್ದು, ಅಂಗಳವೂ ಅವರದ್ದೇ. ಅದರ ಹೆಸರು 'ಐಎನ್‌ಎಸ್ ಹಂಸ'. ಬ್ಯಾಂಕಿನ ವರ್ಗಾವಣೆಯ ದೆಸೆಯಿಂದ ನಾನು ಮೂರು ವರ್ಷ ವಾಸ್ಕೊದಲ್ಲಿದ್ದೆ. ವಿಜಾಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದವರು ಊರಿಗೆ ಹಣ ಕಳುಹಿಸಲು ನನ್ನ ಕೌಂಟರಿಗೆ ಬರುತ್ತಿದ್ದರು, ನಾನು ಕನ್ನಡದವನೆಂದು ತಿಳಿದು ಚಲನ್ ತುಂಬಿಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮೇಲೆ ಯುದ್ಧವಿಮಾನ ಹಾದರೆ ಮಾತೇ ಕೇಳಿಸದು. "ಹೋಗ್ಲಿ ತಡೀರಿ ಸಾಹೇಬ್ರ" ಎಂದು ಅವರು, ಪೆನ್ನು ಎತ್ತಿ ಹಿಡಿದು ನಾನು, ಆ ಸದ್ದು ಇಳಿಯುವವರೆಗೆ ಕಾಯುತ್ತಿದ್ದೆವು. ಹಾಗೆ ಕಾಯುತ್ತಾ ಹುಟ್ಟಿದ ಕುತೂಹಲದ ಫಲ ಈ ಬರಹ.

ದಾಬೋಲಿಂ ನಮ್ಮ ಕಾಸರಗೋಡಿನ ಪಾರೆಗಳಂತಹ ಮುರಕಲ್ಲಿನ ಎತ್ತರದ ಬಯಲು. ಒಂದು ಪಕ್ಕದಲ್ಲಿ ಮುರ್ಮಗೋವಾ ಬಂದರು, ಇನ್ನೊಂದು ಪಕ್ಕದಲ್ಲಿ ಬೋಗ್ಮಾಲೊ ಕಡಲತೀರ. ಸ್ವತಂತ್ರ ಭಾರತ ಗೋವೆಯ ಮೇಲೆ ಆರ್ಥಿಕ ದಿಗ್ಬಂಧನ ಹಾಕಿದಾಗ, ಹೊರಜಗತ್ತಿನ ದಾರಿ ಮುಚ್ಚಬಾರದೆಂದು ಪೋರ್ಚುಗೀಸರು ಇಲ್ಲಿ ವಿಮಾನ ನಿಲ್ದಾಣ ಕಟ್ಟಿದರು. 1955ರಲ್ಲಿ ಅದು ಬಳಕೆಗೆ ಬಂತು. ಗವರ್ನರ್ ಜನರಲ್ ಬೆನಾರ್ಡ್ ಗೆಡಿಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಅದೇ ವರ್ಷ 'ಟಾಯ್ಪ್' ಎಂಬ ತಮ್ಮದೇ ವಿಮಾನ ಸಂಸ್ಥೆಯನ್ನೂ ಹುಟ್ಟುಹಾಕಿದರು. ದಮನ್, ದೀವ್, ಕರಾಚಿಗಳಿಗೆ ಇಲ್ಲಿಂದ ವಿಮಾನ ಹೋಗುತ್ತಿತ್ತು, ಮುಂದೆ ಲಿಸ್ಬನ್ನಿಗೂ.

1961ರ ಡಿಸೆಂಬರ್ 18ರ ಬೆಳಿಗ್ಗೆ ವಿಂಗ್ ಕಮಾಂಡರ್ ಎನ್.ಬಿ. ಮೇನನ್ ಅವರ ನೇತೃತ್ವದಲ್ಲಿ ಪುಣೆಯಿಂದ ಬಂದ 12 ಕ್ಯಾನ್‌ಬೆರಾ ವಿಮಾನಗಳು ಈ ರನ್‌ವೇ ಮೇಲೆ ಸುಮಾರು 63,000 ಪೌಂಡ್ ತೂಕದ ಬಾಂಬುಗಳನ್ನು ಸುರಿದವು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎಂಟು ಬಂದವು. ನಮ್ಮ ಬೆಳಗಾವಿಯ ಸಾಂಬ್ರಾದಿಂದ ಎದ್ದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಮೌನಗೊಳಿಸಿದವು. ಆದರೆ ನಿಲ್ದಾಣದ ಕಟ್ಟಡಕ್ಕೆ ಕೈ ಹಚ್ಚಬಾರದೆಂಬ ಆಜ್ಞೆಯಿತ್ತು. ನಾಳೆ ನಮ್ಮದಾಗುವ ಮನೆಯ ಮಾಡು ಮುರಿಯುವುದೇಕೆ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬೇಕು! ಕಟ್ಟಡದ ಮುಂದೆ ನಿಂತಿದ್ದ ಎರಡು ವಿಮಾನಗಳೂ ಹೀಗಾಗಿ ಉಳಿದವು. ಆ ರಾತ್ರಿ ಪೋರ್ಚುಗೀಸರು ಗುಂಡಿಬಿದ್ದ ರನ್‌ವೇಯನ್ನು ತೇಪೆ ಹಾಕಿ, ಕೆಲವು ಕುಟುಂಬಗಳನ್ನು ಹತ್ತಿಸಿ, ಕತ್ತಲಲ್ಲೇ ಎರಡನ್ನೂ ಕರಾಚಿಗೆ ಹಾರಿಸಿಬಿಟ್ಟರು. ಅವುಗಳಲ್ಲಿ ಒಂದು ಸೂಪರ್ ಕಾನ್ಸ್ಟಲೇಷನ್. ಆ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಮರುದಿನ ಗೋವೆ ಶರಣಾಯಿತು.

'ಹಂಸ' ಹುಟ್ಟಿದ್ದು ಇಲ್ಲಲ್ಲ. ವಿಕ್ರಾಂತ್ ಹಡಗಿನ ಸೀ ಹಾಕ್ ವಿಮಾನಗಳಿಗಾಗಿ 1961ರ ಸೆಪ್ಟೆಂಬರ್ 5ರಂದು ಕೊಯಮತ್ತೂರಿನ ಹತ್ತಿರದ ಸೂಲೂರಿನಲ್ಲಿ ಅದು ಆರಂಭವಾಗಿತ್ತು. ಹಡಗಿನ ವಿಮಾನಗಳು ಕಡಲಿಲ್ಲದ ಊರಿನಲ್ಲಿ! ಆಗ ಗೋವೆಯ ಮಿಲಿಟರಿ ಗವರ್ನರ್ ಆಗಿದ್ದವರು ಒಟ್ಟಪಾಲಂ ಮೂಲದ ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್. ಅವರ ಆಡಳಿತ ಕಾಲದಲ್ಲೇ, 1962ರ ಏಪ್ರಿಲಿನಲ್ಲಿ, ದಾಬೋಲಿಂ ನೌಕಾದಳದ ಕೈಗೆ ಬಂತು. 1964ರ ಜೂನಿನಲ್ಲಿ 'ಹಂಸ' ಸೂಲೂರು ಬಿಟ್ಟು ಕಡಲ ಬದಿಗೆ ಬಂದು ನೆಲೆಸಿತು. ಸೀ ಹಾಕ್‌ಗಳ ನಂತರ, 1983ರ ಡಿಸೆಂಬರಿನಲ್ಲಿ, ನಿಂತಲ್ಲಿಂದಲೇ ಕೆಳಗಿಳಿಯಬಲ್ಲ ಸೀ ಹ್ಯಾರಿಯರ್‌ಗಳು ಬಂದವು. 2013ರಲ್ಲಿ ಮಿಗ್-29ಕೆ ದಳ ಇಲ್ಲಿ ಸ್ಥಾಪನೆಯಾಯಿತು, 2016ರ ಮೇ ತಿಂಗಳಲ್ಲಿ ಹ್ಯಾರಿಯರ್ ನಿವೃತ್ತವಾಯಿತು. ಹಡಗಿನ ಮುಂಭಾಗದಂತೆ ಮೇಲಕ್ಕೆ ಬಾಗಿದ ಒಂದು ಕಿರು ರನ್‌ವೇಯೂ ಇಲ್ಲಿದೆ. 2014ರ ಡಿಸೆಂಬರ್ 20ರಂದು, ಬೆಂಗಳೂರಿನಲ್ಲಿ ತಯಾರಾದ ತೇಜಸ್ಸಿನ ನೌಕಾ ಮಾದರಿ ಅದರ ಮೇಲಿಂದಲೇ ಮೊದಲ ಸಲ ಹಾರಿತು.

ಈ ನೆಲೆ ಪ್ರದರ್ಶನಕ್ಕೆ ತೆತ್ತ ಬೆಲೆ ಬೇರೆಯೇ ಇದೆ. 2002ರ ಅಕ್ಟೋಬರ್ 1ರಂದು, ಸಮುದ್ರದ ಮೇಲೆ ದೂರದೂರ ಹಾರಿ ಕಾವಲು ಕಾಯುವ ಐಎಲ್-38 ವಿಮಾನಗಳ ದಳಕ್ಕೆ 25 ವರ್ಷ ತುಂಬಿತ್ತು. ಬೆಳ್ಳಿಹಬ್ಬದ ಹಾರಾಟದಲ್ಲಿ ಅಕ್ಕಪಕ್ಕ ಹಾರುತ್ತಿದ್ದ ಎರಡು ವಿಮಾನಗಳು ಗಾಳಿಯಲ್ಲೇ ತಗಲಿಕೊಂಡವು. ಅವುಗಳಲ್ಲಿದ್ದ 12 ಮಂದಿಯೂ ಹೋದರು, ಕೆಳಗೆ ತಮ್ಮ ಪಾಡಿಗೆ ತಾವಿದ್ದ ಕೆಲವರೂ ಹೋದರು. ನಾನು ವಾಸ್ಕೊಗೆ ಹೋದದ್ದು ಎಷ್ಟೋ ವರ್ಷಗಳ ಮೇಲೆ. ಆದರೂ ಊರಿನ ಹಳಬರು ಮೇಲೆ ಎರಡು ವಿಮಾನ ಒಟ್ಟಿಗೆ ಕಂಡರೆ ಮಾತು ನಿಲ್ಲಿಸಿ ಅವು ದೂರವಾಗುವವರೆಗೂ ನೋಡುತ್ತಿದ್ದರು.

ಮರುವರ್ಷವೇ, ಅಂದರೆ 2003ರಲ್ಲಿ, ಇದೇ ದಾಬೋಲಿಂನಲ್ಲಿ 'ಸಾಗರ ಪವನ' ಎಂಬ ಕಸರತ್ತಿನ ತಂಡ ಹುಟ್ಟಿತು. ವಿಮಾನಗಳು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಕಿರಣ್ ಮಾರ್ಕ್-2. ಅವು ತರಬೇತಿಯ ವಿಮಾನಗಳು, ಹಾರಿಸುತ್ತಿದ್ದವರು ಹೊಸಬರಿಗೆ ಕಲಿಸುವ ಗುರುಗಳು. ಬಿಳಿ-ನೀಲಿ ಬಣ್ಣದ ನಾಲ್ಕು ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಬಂದು ಹಾರುತ್ತಿದ್ದವು. ನೌಕಾದಳಕ್ಕೆ ತನ್ನದೇ ಜೆಟ್ ತಂಡವಿರುವುದು ಹೆಮ್ಮೆಯ ಮಾತೂ ಆಗಿತ್ತು. 2010ರ ಮಾರ್ಚ್ 3ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ವೈಮಾನಿಕ ಮೇಳದ ಮೊದಲ ದಿನ, ಕೆಳಮುಖವಾಗಿ ಇಳಿದ ಒಂದು ಕಿರಣ್ ಮೇಲೇಳಲಿಲ್ಲ. ಬೋವೆನ್‌ಪಳ್ಳಿಯ ಮನೆಗಳ ನಡುವಿನ ಕಟ್ಟಡಕ್ಕೆ ಬಡಿಯಿತು. ಕಮಾಂಡರ್ ಎಸ್.ಕೆ. ಮೌರ್ಯ ಮತ್ತು ಲೆಫ್ಟಿನೆಂಟ್ ಕಮಾಂಡರ್ ರಾಹುಲ್ ನಾಯರ್ ಪ್ರಾಣ ಬಿಟ್ಟರು. ಸಾಗರ ಪವನ ಮತ್ತೆ ಹಾರಲಿಲ್ಲ, ತಂಡವನ್ನೇ ವಿಸರ್ಜಿಸಿದರು.

ಹಾರಾಟದ ಶಾಸ್ತ್ರ ನನಗೆ ಗೊತ್ತಿಲ್ಲ, ಬ್ಯಾಂಕಿನ ಗುಮಾಸ್ತ. ಹತ್ತಿರ ಹತ್ತಿರ ಹಾರುವ ಆ ಕೌಶಲ ಯುದ್ಧಕ್ಕೂ ಬೇಕಾದ್ದೇ ಎಂದು ಬಲ್ಲವರು ಹೇಳುತ್ತಾರೆ, ಒಪ್ಪುತ್ತೇನೆ. ನನ್ನ ತಕರಾರು ಜಾಗದ ಬಗ್ಗೆ. ಪಕ್ಕದಲ್ಲೇ ಅಷ್ಟು ದೊಡ್ಡ ಕಡಲಿರುವಾಗ ಹಬ್ಬದ ಹಾರಾಟ ಮನೆಗಳ ಮೇಲೇಕೆ ನಡೆಯಬೇಕು? ವಿಮಾನ ತಡವಾಯಿತೆಂದು ನೌಕಾದಳವನ್ನು ಬಯ್ಯುತ್ತಿದ್ದ ಪ್ರಯಾಣಿಕರನ್ನು ನಾನು ಬಹಳ ಕಂಡಿದ್ದೇನೆ. ಅವರ ಗೊಣಗಾಟಕ್ಕೆ 2023ರ ಜನವರಿಯಿಂದ ಉತ್ತರ ಗೋವೆಯ ಮೋಪಾ ನಿಲ್ದಾಣ ಒಂದಿಷ್ಟು ಪರಿಹಾರ ಕೊಟ್ಟಿದೆ. ರನ್‌ವೇಯ ಕೆಳಗಿನ ಗುಡಿಸಲುಗಳಲ್ಲಿ ಮಲಗುತ್ತಿದ್ದ ನನ್ನ ವಿಜಾಪುರದ ಗಿರಾಕಿಗಳು ಮಾತ್ರ ಒಮ್ಮೆಯೂ ದೂರಿದ್ದನ್ನು ಕೇಳಿಲ್ಲ.

ಬೋಗ್ಮಾಲೊಗೆ ಇಳಿಯುವ ದಾರಿಯಲ್ಲಿ 1998ರಲ್ಲಿ ತೆರೆದ ನೌಕಾ ವಿಮಾನ ವಸ್ತುಸಂಗ್ರಹಾಲಯವಿದೆ. ಗೋವೆಗೆ ಹೋದವರು ಅರ್ಧ ದಿನ ತೆಗೆದಿಟ್ಟು ನೋಡಬೇಕು. 1953ರಲ್ಲಿ ಕೊಚ್ಚಿಗೆ ಬಂದ, ನೀರಿನ ಮೇಲೂ ಇಳಿಯಬಲ್ಲ ಸೀಲ್ಯಾಂಡ್ ವಿಮಾನಗಳಲ್ಲೊಂದು ಅಲ್ಲಿದೆ, ಸೀ ಹಾಕ್ ಇದೆ. ಎಲ್ಲಕ್ಕಿಂತ ದೊಡ್ಡದು ಮೂರು ಬಾಲದ ಸೂಪರ್ ಕಾನ್ಸ್ಟಲೇಷನ್. 1961ರ ರಾತ್ರಿ ತಪ್ಪಿಸಿಕೊಂಡು ಹೋದದ್ದು ಇದಲ್ಲ, ಇದು ಏರ್ ಇಂಡಿಯಾದಿಂದ ವಾಯುಪಡೆಗೆ, ಅಲ್ಲಿಂದ ನೌಕಾದಳಕ್ಕೆ ಬಂದು ಇದೇ ದಾಬೋಲಿಂನಲ್ಲಿ ದುಡಿದು ದಣಿದದ್ದು. ನಾನು ಹೋದ ಭಾನುವಾರ ಅದರ ರೆಕ್ಕೆಯ ನೆರಳಿನಲ್ಲಿ ಒಂದು ಕುಟುಂಬ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿತ್ತು. ಮನೆಯ ಯಜಮಾನ ನನ್ನನ್ನು ಗುರುತು ಹಿಡಿದು, "ಬರ್ರಿ ಸಾಹೇಬ್ರ, ಕೂಡ್ರಿ" ಎಂದ.