ಎದೆಯ ವ್ಯಾಯಾಮ: ರಾಡ್, ಡಂಬೆಲ್ಸ್, ಮಷೀನ್ ಪೈಕಿ ಒಬ್ಬರೇ ಮಾಡೋರಿಗೆ ಯಾವುದು ಚಲೋ? ಇಲ್ಲಿದೆ ಮಾಹಿತಿ

ರಾಯಾಪುರ: ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಮುಗಿಸಿ ಬರೋರು, ರಾತ್ರಿ ಅಂಗಡಿ ಶಟರ್ ಎಳೆದು ಹೊರಡೋರು ಜಿಮ್ ಸೇರಿದ ಮೊದಲ ವಾರವೇ ಕೇಳುವ ಪ್ರಶ್ನೆ ಇದು. ಎದಿ ಕಟ್ಟಾಕ ರಾಡ್ ಚಲೋನೋ, ಡಂಬೆಲ್ಸ್ ಚಲೋನೋ, ಮಷೀನ್ ಚಲೋನೋ? ಎದೆಯ ಸ್ನಾಯು ಬೆಳೆಯುವ ಲೆಕ್ಕದಲ್ಲಿ ಮೂರರ ನಡುವೆ ದೊಡ್ಡ ಫರಕು ಇಲ್ಲ. ಸುಸ್ತಾಗಿ ಕೈ ಸೋತಾಗ ಆ ಭಾರ ಎಲ್ಲಿ ಬೀಳುತ್ತೆ ಅನ್ನೋದರಲ್ಲಿ ಮಾತ್ರ ಭಾರೀ ಫರಕು ಐತಿ. ಜಿಮ್ ಖಾಲಿ ಇರುವ ಹೊತ್ತಿನಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ಮಾಡೋರು ಮೊದಲು ಇದನ್ನೇ ತಿಳಿದುಕೊಳ್ಳಬೇಕು.

ರಾಡ್ ಅಂದರೆ ಬಾರ್ಬೆಲ್. ಹೆಚ್ಚು ಭಾರ ಎತ್ತಲು ಇದಕ್ಕಿಂತ ಒಳ್ಳೇದಿಲ್ಲ, ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸಲೂ ಅನುಕೂಲ. ಪ್ಯಾರಾ ಪವರ್‌ಲಿಫ್ಟಿಂಗ್‌ನಲ್ಲಿ ಇರುವ ಸ್ಪರ್ಧೆಯೇ ಬೆಂಚ್ ಪ್ರೆಸ್. ಬೆಂಗಳೂರಿನ ಫರ್ಮಾನ್ ಬಾಷಾ 2016ರ ರಿಯೊ ಪ್ಯಾರಾಲಿಂಪಿಕ್ಸ್‌ವರೆಗೆ ಹೋಗಿದ್ದು ಇದೇ ರಾಡ್ ಎತ್ತಿ. ಆದರೆ ಸ್ಪರ್ಧೆಯಲ್ಲಿ ರಾಡ್ ಹಿಡಿಯಲು ಎರಡೂ ಬದಿ ಜನ ನಿಂತಿರುತ್ತಾರೆ, ನಮ್ಮಲ್ಲಿ ಇರೋದಿಲ್ಲ. ಮೇಲೆ ಹೋಗದ ರಾಡ್ ವಾಪಸ್ ಎದೆ ಮೇಲೋ ಕುತ್ತಿಗೆ ಮೇಲೋ ಬಂದು ಕೂರುತ್ತೆ. ಹೀಗೆ ಸಿಕ್ಕಿಕೊಂಡು ಜೀವ ಹೋದ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ಇವೆ.

ಅದಕ್ಕೇ ಹೆಬ್ಬೆರಳನ್ನು ರಾಡ್ ಸುತ್ತ ಹಾಕಿಯೇ ಹಿಡೀರಿ. ಹೆಬ್ಬೆರಳು ಹಿಂದೆ ಬಿಟ್ಟು ಹಿಡಿಯೋದಕ್ಕೆ ಜಿಮ್ ಹುಡುಗರೇ 'ಸುಸೈಡ್ ಗ್ರಿಪ್' ಅಂತ ಹೆಸರಿಟ್ಟಿದ್ದಾರೆ, ಹೆಸರೇ ಸಾಕು. ಸೇಫ್ಟಿ ಪಿನ್ ಇರುವ ರ‍್ಯಾಕ್ ಇದ್ದರೆ ಅಲ್ಲೇ ಬೆಂಚ್ ಹಾಕಿಕೊಳ್ಳಿ. ಪಿನ್ ಇಲ್ಲ, ಹಿಡಿಯೋಕೆ ಯಾರೂ ಇಲ್ಲ ಅಂದ್ರೆ ಭಾರ ಕಡಿಮೆ ಇಡಿ, ಪ್ಲೇಟಿನ ಲಾಕ್ ಹಾಕಬೇಡಿ. ಸಿಕ್ಕಿಕೊಂಡಾಗ ಒಂದು ಬದಿಗೆ ವಾಲಿಸಿದರೆ ಪ್ಲೇಟ್ ಜಾರಿ ಬಿದ್ದು ನೀವು ಪಾರಾಗುತ್ತೀರಿ. ನೆಲದ ಟೈಲ್ಸ್ ಒಡೆದರೆ ಒಡೀಲಿ ಬಿಡ್ರಿ.

ಇನ್ನೊಂದು ಗೊಂದಲ ಖಾಲಿ ರಾಡಿನ ತೂಕದ್ದು. ಸ್ಪರ್ಧೆಯ ಪುರುಷರ ರಾಡ್ 2.2 ಮೀಟರ್ ಉದ್ದ, 20 ಕೆ.ಜಿ. ಮಹಿಳೆಯರ ವೇಟ್‌ಲಿಫ್ಟಿಂಗ್ ರಾಡ್ 15 ಕೆ.ಜಿ. ಮನೆಗೆ ಅಂತ ಮಾರುವ ತೆಳು ರಾಡುಗಳು ಇದಕ್ಕಿಂತ ಬಹಳ ಹಗುರ, ಒಂದಕ್ಕೊಂದು ತೂಕವೂ ಬೇರೆ. ಕಿರಾಣಿ ಅಂಗಡಿಯವರಿಗಂತೂ ಮೂಟೆ ತೂಗುವ ಕಾಟಾ ಕೈಯಳತೆಯಲ್ಲೇ ಇರುತ್ತೆ, ಒಮ್ಮೆ ರಾಡ್ ಇಟ್ಟು ನೋಡಿಬಿಡಿ. 40 ಕೆ.ಜಿ. ಎತ್ತಿದೆ ಅಂತ ಹೇಳಿಕೊಳ್ಳುವವರ ಲೆಕ್ಕ ಅಲ್ಲೇ ತಿಳಿಯುತ್ತೆ!

ಡಂಬೆಲ್ಸ್‌ನಲ್ಲಿ ಎರಡೂ ಕೈ ತಂತಮ್ಮ ಭಾರ ತಾವೇ ಹೊರಬೇಕು. ಬಲಗೈ ಎಡಗೈಯ ಕೆಲಸ ಮಾಡಿಕೊಡೋದಿಲ್ಲ. ಮಣಿಕಟ್ಟು, ಮೊಳಕೈ ತಮಗೆ ಒಗ್ಗಿದಂತೆ ತಿರುಗೋದರಿಂದ ಭುಜ ಹಿಡಿದುಕೊಂಡವರಲ್ಲಿ ಹಲವರಿಗೆ ಇದು ಹಗುರ ಅನಿಸುತ್ತೆ. ನಾರ್ವೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡಂಬೆಲ್ಸ್‌ನಿಂದ ಎತ್ತಿದ ಒಟ್ಟು ಭಾರ ರಾಡಿಗಿಂತ ಸುಮಾರು ಶೇ 17 ಕಡಿಮೆ ಇತ್ತು. ಎದೆಯ ಸ್ನಾಯು ಮಾಡಿದ ಕೆಲಸ ಮಾತ್ರ ಹೆಚ್ಚುಕಡಿಮೆ ಅಷ್ಟೇ. ಭಾರ ಕಡಿಮೆ ಆಯ್ತು ಅಂತ ಬೇಜಾರು ಬ್ಯಾಡ.

ಕೈ ಸೋತರೆ ಡಂಬೆಲ್ಸ್ ಎರಡೂ ಬದಿಗೆ ಇಳಿಸಬಹುದು, ಅದೇ ದೊಡ್ಡ ಲಾಭ. ತೊಂದರೆ ಇರೋದು ಶುರುವಿನಲ್ಲಿ. ಮಲಗಿಕೊಂಡು ನೆಲದಿಂದ ಎತ್ತಲು ಹೋದರೆ ಭುಜ ಉಳುಕುತ್ತೆ. ಕುಳಿತು ತೊಡೆಯ ಮೇಲಿಟ್ಟುಕೊಂಡು, ಮೊಣಕಾಲಿನಿಂದ ಒದ್ದು ಮೇಲಕ್ಕೆ ತರಬೇಕು. ಪ್ಲೇಟ್ ಬದಲಿಸುವ ಡಂಬೆಲ್ಸ್ ಆದರೆ ಪ್ರತಿ ಸಲವೂ ನಟ್ ಬಿಗಿ ಇದೆಯಾ ನೋಡಿ, ಸಡಿಲಾದರೆ ಪ್ಲೇಟ್ ನಿಮ್ಮ ಮುಖದ ಮೇಲೇ ಬೀಳೋದು.

ಚೆಸ್ಟ್ ಪ್ರೆಸ್ ಮಷೀನ್‌ನಲ್ಲಿ ದಾರಿ ಮೊದಲೇ ನಿಗದಿ, ಸಮತೋಲನದ ಚಿಂತೆ ಇಲ್ಲ. ಕೈಬಿಟ್ಟರೆ ಭಾರ ಅಲ್ಲೇ ಹಿಂದೆ ಕೂರುತ್ತೆ. ಐವತ್ತು ದಾಟಿ ಈಗಷ್ಟೇ ಶುರು ಮಾಡೋರಿಗೆ, ಒಬ್ಬರೇ ಮಾಡೋರಿಗೆ ನಮ್ಮ ಮಟ್ಟಿಗೆ ಇದೇ ಮೊದಲ ಆಯ್ಕೆ. ಹಿಡಿಕೆ ಎದೆಯ ಮಧ್ಯಕ್ಕೆ ಬರುವಂತೆ ಸೀಟ್ ಏರಿಸಿ ಇಳಿಸಿ. ಭುಜದ ಎತ್ತರಕ್ಕಿದ್ದರೆ ಭುಜವೇ ನೋಯೋದು. ಮಷೀನ್ ಮೇಲಿನ ನಂಬರ್ ಒಂದು ಜಿಮ್‌ನಿಂದ ಇನ್ನೊಂದಕ್ಕೆ ತಾಳೆಯಾಗಲ್ಲ, ಅದನ್ನು ರಾಡಿನ ಕೆ.ಜಿ. ಜೊತೆ ಹೋಲಿಸಬೇಡಿ.

ಮೂರಕ್ಕೂ ಸೇರಿದ ಮಾತೊಂದಿದೆ. ಭಾರ ತಳ್ಳುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತೆ. ತಳ್ಳುವಾಗ ಉಸಿರು ಬಿಡಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು ಡಾಕ್ಟರ್ ಕೇಳದೆ ಭಾರ ಮುಟ್ಟಬೇಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎಷ್ಟೋ ಮಂದಿ ಜಿಮ್ ಅಂದರೇ ಹೆದರಿದ್ದರು. ಹೆದರಿ ಬಿಡಬೇಕಿಲ್ಲ, ಲಕ್ಷಣ ಗೊತ್ತಿರಬೇಕು. ಎದೆ ಬಿಗಿದಂತಾಗಿ ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು ಬಂದರೆ 'ಸ್ನಾಯು ಎಳೆದಿರಬೇಕು' ಅಂತ ಕೂರದೆ 108ಕ್ಕೆ ಕರೆ ಮಾಡಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ.

ದುಡ್ಡು ಖರ್ಚು ಬೇಡ ಅನ್ನೋರಿಗೆ ನಮ್ಮ ಗರಡಿ ಮನೆಯ ದಂಡ ಇದ್ದೇ ಇದೆ. ಅದೂ ಎದೆ, ಭುಜಕ್ಕೆ ಇದೇ ಕೆಲಸ ಕೊಡುತ್ತೆ, ಮೇಲೆ ಬೀಳೋಕೆ ಏನೂ ಇರೋದಿಲ್ಲ. ಜಿಮ್ ಫೀ ಕಟ್ಟೋರು ಬಿಲ್ ಕೇಳಿ ನೋಡಿ: 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ.