ಕಚೇರಿಯ ಬ್ರೌಸರ್ ಕಾವಲಿಗೆ ನಿಂತ ಬಗೆ

ಕಚೇರಿಗಳ ಭದ್ರತೆಯ ಚರಿತ್ರೆಯಲ್ಲಿ ಬ್ರೌಸರ್ ಬಹುಕಾಲ ಆರೋಪಿಯ ಕಟಕಟೆಯಲ್ಲೇ ನಿಂತಿತ್ತು; ಕಾವಲಿನ ಕೆಲಸ ಅದಕ್ಕೆ ಸಿಕ್ಕಿದ್ದು ತೀರಾ ಈಚೆಗೆ. ಈ ಬಡ್ತಿಗೆ ಎರಡು ದಶಕ ಹಿಡಿಯಿತು. ಪ್ರತಿ ಹಂತದಲ್ಲೂ ಹಿಂದಿನ ಪರಿಹಾರ ಮುಚ್ಚದೆ ಬಿಟ್ಟ ಸಂದಿಯೇ ಮುಂದಿನ ಪರಿಹಾರವನ್ನು ಹುಡುಕಿಸಿತು.

ಐಇಗೆ ಅಂಟಿಕೊಂಡ ಕಾಲ

2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ (ಐಇ) 6 ಕಚೇರಿಗಳಲ್ಲಿ ಭದ್ರವಾಗಿ ಬೇರೂರಿತು. ಐಇಯಲ್ಲಿ ಮಾತ್ರ ನಡೆಯುವ ಮೈಕ್ರೋಸಾಫ್ಟ್‌ನ ಆಕ್ಟಿವ್‌ಎಕ್ಸ್ ತಂತ್ರಜ್ಞಾನವನ್ನು ನಂಬಿ ಕಂಪನಿಗಳು ಒಳಬಳಕೆಯ ಸಾಫ್ಟ್‌ವೇರ್ ಬರೆಸಿಕೊಂಡವು. ಆಮೇಲೆ ಬ್ರೌಸರ್ ಬದಲಿಸಲು ಹೊರಟರೆ ಹಾಜರಿಯಿಂದ ಸಂಬಳದವರೆಗೆ ಎಲ್ಲವೂ ನಿಲ್ಲುವ ಭಯ. ನಮ್ಮ ಟೆಂಡರ್ ಪೋರ್ಟಲ್‌ಗಳಲ್ಲಿ ಡಿಜಿಟಲ್ ಸಹಿ ಹಾಕಲು ಐಇ, ಜಾವಾ ಎಂದು ಪರದಾಡಿದ್ದು ಹಳೆಯ ಗುತ್ತಿಗೆದಾರರಿಗೆ ನೆನಪಿರುತ್ತದೆ. ಆಗ ಭದ್ರತೆ ಎಂದರೆ ನೆಟ್‌ವರ್ಕ್‌ಗೆ ಫೈರ್‌ವಾಲ್, ಬೇಡದ ಸೈಟುಗಳಿಗೆ ತಡೆ. ಒಳಗಿರುವವರೆಲ್ಲ ನಂಬಿಕಸ್ಥರು ಎಂಬುದೇ ಲೆಕ್ಕ.

ಆ ಲೆಕ್ಕ ತಪ್ಪಿದ್ದು 2010ರ ಜನವರಿಯಲ್ಲಿ. ಚೀನಾ ಕಡೆಯಿಂದ ಬಂದ ದಾಳಿಯೊಂದು ತನ್ನ ವ್ಯವಸ್ಥೆಯೊಳಗೆ ನುಗ್ಗಿದೆ ಎಂದು ಗೂಗಲ್ ಪ್ರಕಟಿಸಿತು. ಅಡೋಬಿಯೂ ಸೇರಿ ಹಲವು ಕಂಪನಿಗಳನ್ನು ಗುರಿಮಾಡಿದ್ದ ‘ಆಪರೇಷನ್ ಅರೋರಾ’ ದಾಳಿಕೋರರು ಐಇಯಲ್ಲಿದ್ದ, ಅಲ್ಲಿಯವರೆಗೆ ತೇಪೆ ಬೀಳದಿದ್ದ ದೋಷವೊಂದನ್ನು ಬಳಸಿದ್ದರು. ಸದ್ಯಕ್ಕೆ ಬೇರೆ ಬ್ರೌಸರ್ ಬಳಸಿ ಎಂದು ಜರ್ಮನಿ ಮತ್ತು ಫ್ರಾನ್ಸ್‌ನ ಸರ್ಕಾರಿ ಸೈಬರ್ ಸಂಸ್ಥೆಗಳು ಸಲಹೆ ಕೊಟ್ಟವು. ಈ ಪೆಟ್ಟಿನ ಬಳಿಕ ಗೂಗಲ್ ರೂಪಿಸಿದ ‘ಬಿಯಾಂಡ್‌ಕಾರ್ಪ್’ ಪದ್ಧತಿಯ ವಿವರ 2014ರಲ್ಲಿ ಹೊರಬಂತು. ಕಚೇರಿಯ ನೆಟ್‌ವರ್ಕ್‌ನಲ್ಲಿ ಇರುವ ಮಾತ್ರಕ್ಕೆ ಯಾರನ್ನೂ ನಂಬುವುದು ಬೇಡ. ಬಂದವರು ಯಾರು, ಯಾವ ಸಾಧನದಿಂದ ಬಂದಿದ್ದಾರೆ ಎಂಬುದನ್ನು ಪ್ರತಿ ಸಲ ನೋಡಿ ಒಳಗೆ ಬಿಡೋಣ ಎಂಬುದು ಅದರ ಸಾರ.

ಕಂಪ್ಯೂಟರನ್ನು ಕಾಪಾಡುವ ಬ್ರೌಸರ್

ಅಷ್ಟರಲ್ಲಿ ಬ್ರೌಸರ್‌ನ ಒಳರಚನೆಯೂ ಬದಲಾಗಿತ್ತು. 2008ರಲ್ಲಿ ಬಂದ ಕ್ರೋಮ್ ಟ್ಯಾಬುಗಳನ್ನು ಬೇರೆಬೇರೆ ಪ್ರೊಸೆಸ್‌ಗಳಾಗಿ ಒಡೆದು, ಸ್ಯಾಂಡ್‌ಬಾಕ್ಸ್‌ನಲ್ಲಿ ಕೂಡಿಹಾಕಿತು. ಒಂದು ಪುಟ ಕೆಟ್ಟರೂ ಇಡೀ ಕಂಪ್ಯೂಟರ್ ಕೈತಪ್ಪದಿರಲಿ ಎಂದು. 2010ರ ಕೊನೆಗೆ ಗ್ರೂಪ್ ಪಾಲಿಸಿ ಮೂಲಕ ನೂರಾರು ಕಂಪ್ಯೂಟರ್‌ಗಳ ಕ್ರೋಮ್ ಅನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಸೌಲಭ್ಯ ಬಂತು. 2012ರಲ್ಲಿ ಫೈರ್‌ಫಾಕ್ಸ್ ಸಂಸ್ಥೆಗಳಿಗಾಗಿಯೇ ದೀರ್ಘಾವಧಿ ಬೆಂಬಲದ ಆವೃತ್ತಿ ತಂದಿತು. 2018ರಲ್ಲಿ ಬಯಲಾದ ‘ಸ್ಪೆಕ್ಟರ್’ ಎಂಬ ಪ್ರೊಸೆಸರ್ ದೋಷದ ನಂತರ ಕ್ರೋಮ್ ಒಂದೊಂದು ಸೈಟನ್ನೂ ಪ್ರತ್ಯೇಕಿಸತೊಡಗಿತು.

ಇವೆಲ್ಲ ಕೆಟ್ಟ ಸೈಟಿನಿಂದ ಒಳ್ಳೆಯ ಕಂಪ್ಯೂಟರನ್ನು ಕಾಪಾಡುವ ಉಪಾಯಗಳು. ಇನ್ನೂ ಮುಂದೆ ಹೋದವರು ಪುಟವನ್ನು ದೂರದ ಸರ್ವರ್‌ನಲ್ಲೇ ತೆರೆದು, ಬಳಕೆದಾರರಿಗೆ ಅದರ ನಿರುಪದ್ರವಿ ಪ್ರತಿರೂಪವನ್ನಷ್ಟೇ ಕಳಿಸಿದರು. ಮೆನ್ಲೊ ಸೆಕ್ಯುರಿಟಿ, ಇಸ್ರೇಲಿನ ಫೈರ್‌ಗ್ಲಾಸ್ ಈ ದಾರಿ ಹಿಡಿದವು; ಫೈರ್‌ಗ್ಲಾಸನ್ನು 2017ರಲ್ಲಿ ಸಿಮ್ಯಾಂಟೆಕ್ ಕೊಂಡಿತು. ಆದರೆ ಸರ್ವರ್ ಖರ್ಚು ಜಾಸ್ತಿ, ಪುಟ ನಿಧಾನ ಎಂಬ ದೂರು ಹೋಗಲಿಲ್ಲ. ಇನ್ನೊಂದು ಕಡೆ, ವೆಬ್‌ನ ಬಹುಪಾಲು ಗೂಢಲಿಪಿಗೆ ಹೊರಳಿದ ಮೇಲೆ ನಡುವೆ ಕೂತ ಪ್ರಾಕ್ಸಿಗೆ ಒಳವಿಷಯ ಕಾಣದಾಯಿತು. ಕಾಣಬೇಕಾದರೆ ಪ್ರತಿ ಕಂಪ್ಯೂಟರ್‌ಗೂ ಕಂಪನಿಯ ಸರ್ಟಿಫಿಕೇಟ್ ಹಾಕಿ, ದಟ್ಟಣೆಯನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟಬೇಕು. ಹೊರಗುತ್ತಿಗೆಯವರ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಇದು ಆಗದ ಮಾತು.

ಮಾಹಿತಿಯನ್ನು ಕಾಯುವ ಬ್ರೌಸರ್

ಕೋವಿಡ್ ಕಾಲದಲ್ಲಿ ಕೆಲಸ ಮನೆಗೆ ಹೋಯಿತು. ಸಾಫ್ಟ್‌ವೇರ್ ಅದಾಗಲೇ ಕ್ಲೌಡ್ ಸೇರುತ್ತಿತ್ತು. ಎರಡೂ ಸೇರುವ ಜಾಗ ಬ್ರೌಸರ್ ಒಂದೇ, ಗೂಢಲಿಪಿ ಬಿಚ್ಚಿಕೊಳ್ಳುವುದೂ ಅಲ್ಲೇ. ಹಾಗಾದರೆ ಕಾವಲನ್ನೂ ಅಲ್ಲೇ ಇಡಬಾರದೇಕೆ? ಫೈರ್‌ಗ್ಲಾಸ್ ಕಟ್ಟಿದವರಲ್ಲೊಬ್ಬರಾದ ಡ್ಯಾನ್ ಅಮಿಗಾ, ಸಿಮ್ಯಾಂಟೆಕ್‌ನ ಮಾಜಿ ಅಧ್ಯಕ್ಷ ಮೈಕ್ ಫೇ ಸೇರಿ 2020ರಲ್ಲಿ ‘ಐಲ್ಯಾಂಡ್’ ಎಂಬ ಬ್ರೌಸರ್ ಕಂಪನಿ ಆರಂಭಿಸಿದ್ದು ಈ ಆಲೋಚನೆಯಿಂದ. ಕ್ರೋಮ್‌ನ ಮುಕ್ತ ತಂತ್ರಾಂಶ ಕ್ರೋಮಿಯಂ ಕೈಗೆ ಸಿಗುವಂತಿದ್ದುದರಿಂದ ಹೊಸ ಬ್ರೌಸರ್ ಕಟ್ಟುವ ಹೊರೆ ಇಳಿದಿತ್ತು. ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ 2020ರ ಜನವರಿಯಲ್ಲಿ ಅದೇ ಬುನಾದಿಗೆ ಬಂದಿತ್ತು.

ಬ್ಯಾಂಕೊಂದರ ಕಾಲ್ ಸೆಂಟರ್ ಉದ್ಯೋಗಿ ತಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಇಂಥ ಬ್ರೌಸರ್ ತೆರೆದರೆನ್ನಿ. ಗ್ರಾಹಕರ ಆಧಾರ್ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ. ದೂರಿನ ವಿವರವನ್ನು ಕಾಪಿ ಮಾಡಿ ಬ್ಯಾಂಕಿನ ಟಿಕೆಟ್ ವ್ಯವಸ್ಥೆಯಲ್ಲಿ ಪೇಸ್ಟ್ ಮಾಡಬಹುದು, ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಆಗದು. ಸ್ಕ್ರೀನ್‌ಶಾಟ್ ತೆಗೆದರೆ ಬರೀ ಕಪ್ಪು. ಪುಟದ ಮೇಲೆ ಮಸುಕಾಗಿ ಅವರದೇ ಇಮೇಲ್ ವಿಳಾಸದ ವಾಟರ್‌ಮಾರ್ಕ್. ಮೊಬೈಲಿನಲ್ಲಿ ಫೋಟೊ ಹೊಡೆದರೂ ಯಾರ ಪರದೆಯೆಂದು ಗೊತ್ತಾಗುತ್ತದೆ. ಅದೇ ಲ್ಯಾಪ್‌ಟಾಪ್‌ನ ಅವರ ಖಾಸಗಿ ಬ್ರೌಸರ್ ತಂಟೆಗೆ ಇದು ಹೋಗುವುದಿಲ್ಲ.

ಐಲ್ಯಾಂಡ್‌ನ ಹಿಂದೆಯೇ ದೊಡ್ಡವರೂ ಬಂದರು. ಇಂಥದೇ ಬ್ರೌಸರ್ ಮಾಡುತ್ತಿದ್ದ ಇಸ್ರೇಲಿನ ಟಾಲನ್ ಕಂಪನಿಯನ್ನು 2023ರಲ್ಲಿ ಪಾಲೊ ಆಲ್ಟೊ ನೆಟ್‌ವರ್ಕ್ಸ್ ಕೊಂಡಿತು. ಅದೇ ವರ್ಷ ಮೈಕ್ರೋಸಾಫ್ಟ್ ‘ಎಡ್ಜ್ ಫಾರ್ ಬಿಸಿನೆಸ್’ ಪ್ರಕಟಿಸಿತು, 2024ರಲ್ಲಿ ಗೂಗಲ್ ‘ಕ್ರೋಮ್ ಎಂಟರ್‌ಪ್ರೈಸ್ ಪ್ರೀಮಿಯಂ’ ತಂದಿತು. ನಮ್ಮಲ್ಲಿ ಕೇಂದ್ರ ಐಟಿ ಸಚಿವಾಲಯ ಬೆಂಗಳೂರಿನ ಸಿ-ಡ್ಯಾಕ್ ಜೊತೆಗೂಡಿ 2023ರಲ್ಲಿ ಸ್ವದೇಶಿ ಬ್ರೌಸರ್ ಸ್ಪರ್ಧೆ ಏರ್ಪಡಿಸಿತು. 2025ರಲ್ಲಿ ಪ್ರಕಟವಾದ ಮೊದಲ ಬಹುಮಾನ, 1 ಕೋಟಿ ರೂಪಾಯಿ, ‘ಉಲಾ’ ಬ್ರೌಸರ್ ಮಾಡಿದ ಜೋಹೊ ಪಾಲಾಯಿತು.

ಸೌಕರ್ಯವೇ ಸಂದಿಯಾದಾಗ

ಈ ಕಾವಲಿನ ಅಗತ್ಯವನ್ನು ಮನವರಿಕೆ ಮಾಡಿಕೊಟ್ಟದ್ದು 2023ರ ಅಕ್ಟೋಬರಿನ ಓಕ್ಟಾ ಪ್ರಕರಣ. ಬೇರೆ ಸಂಸ್ಥೆಗಳ ಲಾಗಿನ್ ನೋಡಿಕೊಳ್ಳುವುದೇ ಓಕ್ಟಾದ ಕಸುಬು. ಅದರ ಉದ್ಯೋಗಿಯೊಬ್ಬರು ಕಂಪನಿಯ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸ್ವಂತ ಗೂಗಲ್ ಖಾತೆ ತೆರೆದಿದ್ದರು. ಕಂಪನಿಯ ಸರ್ವಿಸ್ ಅಕೌಂಟಿನ ಪಾಸ್‌ವರ್ಡ್ ಆ ಖಾತೆಯಲ್ಲಿ ಸೇವ್ ಆಗಿ ಕೂತಿತ್ತು. ಸೋರಿದ್ದು ಬಹುಶಃ ಅಲ್ಲಿಂದಲೇ ಎಂದು ಓಕ್ಟಾ ಹೇಳಿತು. 134 ಗ್ರಾಹಕ ಸಂಸ್ಥೆಗಳ ಫೈಲುಗಳು ಕಳ್ಳರಿಗೆ ಸಿಕ್ಕವು. ಕಂಪನಿಯ ಲ್ಯಾಪ್‌ಟಾಪ್‌ಗಳ ಕ್ರೋಮ್‌ನಲ್ಲಿ ಸ್ವಂತ ಗೂಗಲ್ ಪ್ರೊಫೈಲ್ ತೆರೆಯದಂತೆ ಸೆಟ್ಟಿಂಗ್ ಬದಲಿಸಿದ್ದು ಆಮೇಲೆ ಕೈಗೊಂಡ ಕ್ರಮಗಳಲ್ಲೊಂದು.

ಬೇರೆ ಬ್ರೌಸರ್ ಬೇಡ, ಇರುವುದಕ್ಕೇ ಭದ್ರತಾ ಎಕ್ಸ್‌ಟೆನ್ಷನ್ ಹಾಕೋಣ ಎನ್ನುವವರೂ ಇದ್ದಾರೆ. ಆದರೆ ಎಕ್ಸ್‌ಟೆನ್ಷನ್ ಕೂಡ ಬಾಗಿಲೇ. 2024ರ ಕ್ರಿಸ್ಮಸ್ ವೇಳೆ ಮಾಹಿತಿ ಸೋರಿಕೆ ತಡೆಯುವ ಸೈಬರ್‌ಹೇವನ್ ಕಂಪನಿಯ ಉದ್ಯೋಗಿಯನ್ನೇ ಫಿಶಿಂಗ್‌ನಿಂದ ಯಾಮಾರಿಸಿ, ಅದರ ಎಕ್ಸ್‌ಟೆನ್ಷನ್‌ನ ವಿಷಪೂರಿತ ಆವೃತ್ತಿಯನ್ನು ಕ್ರೋಮ್ ಅಂಗಡಿಗೆ ಏರಿಸಲಾಯಿತು. ತಾನಾಗಿಯೇ ಅಪ್‌ಡೇಟ್ ಆಗುವ ಸೌಕರ್ಯ ಉಳಿದ ಕೆಲಸ ಮುಗಿಸಿತು.

ಎಐ ಈ ಚಿಂತೆಗೆ ಇನ್ನೊಂದು ತಿರುವು ಕೊಟ್ಟಿದೆ. ಸಿಬ್ಬಂದಿ ಸೋರ್ಸ್ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ತಿಳಿದ ಸ್ಯಾಮ್‌ಸಂಗ್ 2023ರಲ್ಲಿ ಅಂಥ ಸೇವೆಗಳ ಬಳಕೆಗೆ ಕಡಿವಾಣ ಹಾಕಿತು. 2025ರಲ್ಲಿ ಬಂದ ಕಾಮೆಟ್, ಅಟ್ಲಾಸ್ ಬ್ರೌಸರ್‌ಗಳಲ್ಲಂತೂ ಎಐ ತಾನೇ ಕ್ಲಿಕ್ ಮಾಡಬಲ್ಲದು. ಪುಟದಲ್ಲಿ ಬಚ್ಚಿಟ್ಟ ಸಾಲೊಂದನ್ನು ಅದು ಯಜಮಾನರ ಆದೇಶವೆಂದು ಪಾಲಿಸುವ ಅಪಾಯವನ್ನು ಬ್ರೇವ್ ಕಂಪನಿಯ ಸಂಶೋಧಕರು ಕಾಮೆಟ್‌ನಲ್ಲಿ ತೋರಿಸಿದ್ದಾರೆ. ಉದ್ಯೋಗಿಯನ್ನು ಗಮನಿಸಲು ಬರೆದ ನಿಯಮ ಇಲ್ಲಿ ಸಾಲದು.

ಕಾಯುವುದಕ್ಕೂ ಕಣ್ಣಿಡುವುದಕ್ಕೂ ಅಂತರ ಕಡಿಮೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸಂಸ್ಥೆಯ ಗುಟ್ಟು ಕಾಪಾಡಲು ಉದ್ಯೋಗಿಯ ದತ್ತಾಂಶ ಬಳಸುವುದಕ್ಕೆ ಅವಕಾಶ ಕೊಟ್ಟಿದೆ. ಏನನ್ನು ದಾಖಲಿಸುತ್ತೇವೆ, ಯಾರು ನೋಡುತ್ತಾರೆ ಎಂಬುದನ್ನು ಸಿಬ್ಬಂದಿಗೆ ಮೊದಲೇ ಹೇಳದೆ ಹೇರಿದ ಕಟ್ಟುಪಾಡು ಬಾಳುವುದಿಲ್ಲ. ಕೆಲಸ ಸದ್ದಿಲ್ಲದೆ ಸ್ವಂತ ಮೊಬೈಲಿಗೆ ಜಾರುತ್ತದೆ, ಅಲ್ಲಿ ಯಾವ ಕಾವಲೂ ಇಲ್ಲ. ದುಬಾರಿ ಬ್ರೌಸರ್‌ಗೆ ಕೈಹಾಕುವ ಮುನ್ನ ಸಂಸ್ಥೆಗಳು ಈಗಿರುವ ಕ್ರೋಮ್, ಎಡ್ಜ್‌ಗಳಲ್ಲಿ ಸ್ವಂತ ಖಾತೆಯ ಲಾಗಿನ್, ಎಕ್ಸ್‌ಟೆನ್ಷನ್‌ಗಳ ಪಟ್ಟಿ, ಪಾಸ್‌ವರ್ಡ್ ಸೇವ್ ಮಾಡುವ ಆಯ್ಕೆ, ಈ ಮೂರನ್ನು ಬಿಗಿಮಾಡಲಿ. ಅದಕ್ಕೆ ಹೆಚ್ಚಿನ ಖರ್ಚಿಲ್ಲ, ಮತ್ತು ಹೊಸದೊಂದು ನಿಜಕ್ಕೂ ಬೇಕೇ ಎಂಬುದು ಆಗಲೇ ಗೊತ್ತಾಗುತ್ತದೆ.